ಮಂತ್ರ, ಪ್ರತಿಮಂತ್ರ ಮತ್ತು ಗಣಕದ ಮೇಜು

೧

ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರವೇ ಪ್ರತೀಕಾರವೆಂಬುದನ್ನು ಭಾರತದ ಯುದ್ಧಪರ್ವಗಳನ್ನು ಓದಿದ ಅಥವಾ ಆಟದ ರಂಗದಲ್ಲಿ ಕಂಡ ಯಾವ ಕನ್ನಡಿಗನಿಗೂ ಹೇಳಿಕೊಡಬೇಕಾಗಿಲ್ಲ. ಒಬ್ಬನು ಬೆಂಕಿಯನ್ನು ಕರೆದರೆ ಇನ್ನೊಬ್ಬನು ಮಳೆಯನ್ನು ಕರೆಯುತ್ತಾನೆ, ಬೆಂಕಿ ಆರುತ್ತದೆ, ಕಥೆ ಮುಂದೆ ಸಾಗುತ್ತದೆ. ಮಳೆ ಎಷ್ಟು ವಿಸ್ತಾರಕ್ಕೆ ಸುರಿಯಿತು, ಬೆಂಕಿ ಪೂರ್ತಿ ನಂದಿತೋ ಕ್ಷಣಕಾಲ ಅಡಗಿತೋ, ಅಸ್ತ್ರವನ್ನು ಬಿಟ್ಟವರ ಯೋಗ್ಯತೆಯಲ್ಲಿ ತಾರತಮ್ಯವಿದ್ದರೆ ಫಲವೇನಾಗುತ್ತಿತ್ತು ಎಂದು ಕೇಳುವ ಅವಶ್ಯಕತೆ ಕೇಳುಗನಿಗೆ ಬರುವುದಿಲ್ಲ. ಅಲ್ಲಿ ಕವಿಯೇ ನ್ಯಾಯಾಧೀಶ. ಅವನ ತೀರ್ಪಿಗೆ ಮೇಲ್ಮನವಿಯಿಲ್ಲ.

ಈ ಪ್ರಶ್ನೆಗಳನ್ನೆಲ್ಲ ಕೇಳಲೇಬೇಕಾದ ಒಂದು ಕಥನಪ್ರಕಾರ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಹುಟ್ಟಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ ೧೯೭೪ರಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವೇ ಅದರ ಮೂಲ. ಕೆಲವರು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಆ ಪಾತ್ರದ ಮಾತನ್ನೂ ಕೃತ್ಯವನ್ನೂ ತಾವೇ ಹೇಳುತ್ತಾರೆ. ಮಿಕ್ಕ ಲೋಕವನ್ನೆಲ್ಲ ನಿರ್ವಹಿಸುವವನು ಡಂಜನ್ ಮಾಸ್ಟರ್ ಎಂಬವನು; ಅವನನ್ನು ಸೂತ್ರಧಾರನೆಂದು ಕರೆದರೆ ತಪ್ಪಾಗಲಾರದು. ಫಲ ಸಂದಿಗ್ಧವಾದಲ್ಲಿ ದಾಳವನ್ನು ಎಸೆದು ತೀರ್ಮಾನಿಸುತ್ತಾರೆ. ವೇಷವಿಲ್ಲದೆ, ಕುಳಿತಲ್ಲಿಯೇ, ಸಿದ್ಧಪಾಠವಿಲ್ಲದೆ ಅರ್ಥ ಹೇಳುವ ತಾಳಮದ್ದಲೆಯನ್ನು ಬಲ್ಲವರಿಗೆ ಈ ಆಟದ ಸ್ವರೂಪ ತೀರ ಅಪರಿಚಿತವೆನಿಸದು. ಆದರೆ ಒಂದು ಭೇದವುಂಟು. ತಾಳಮದ್ದಲೆಯಲ್ಲಿ ಕಥೆಯ ಅಂತ್ಯ ಮೊದಲೇ ಗೊತ್ತಿದೆ. ಇಲ್ಲಿ ಅದು ಯಾರಿಗೂ ಗೊತ್ತಿಲ್ಲ. ಅಂತ್ಯವನ್ನು ನಿರ್ಧರಿಸುವುದು ನಿಯಮಗ್ರಂಥ, ದಾಳ, ಸೂತ್ರಧಾರ ಈ ಮೂರರ ಸಂಯೋಗ.

ಆಟವೊಂದರ ನಿಯಮಗ್ರಂಥ ವಿಮರ್ಶೆಗೆ ವಿಷಯವಾದೀತೆ ಎಂಬ ಆಕ್ಷೇಪಣೆ ಸಹಜ. ಬರೆದ ವಾಕ್ಯವೊಂದು ಇದ್ದು, ಅದರ ಅರ್ಥದ ಮೇಲೆ ಹತ್ತು ಜನರ ಕೃತ್ಯ ನಿಂತಿದ್ದು, ಆ ಅರ್ಥದ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದರೆ, ಅಲ್ಲಿ ವ್ಯಾಖ್ಯಾನಕ್ಕೆ ಎಡೆಯುಂಟು. ವ್ಯಾಖ್ಯಾನವಿದ್ದಲ್ಲಿ ವಿಮರ್ಶೆಗೂ ಎಡೆಯುಂಟು. ಯಜ್ಞದ ವಿಧಿವಾಕ್ಯಗಳು ಪರಸ್ಪರ ವಿರೋಧಿಸಿದಾಗ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಜಿಜ್ಞಾಸೆಯಿಂದಲೇ ಮೀಮಾಂಸಾಶಾಸ್ತ್ರ ಬೆಳೆಯಿತೆಂಬುದನ್ನು ಇಲ್ಲಿ ನೆನೆಯಬಹುದು. ಇಲ್ಲಿಯ ವಿಷಯವೂ ವಿರೋಧಪರಿಹಾರವೇ: ಎರಡು ಮಂತ್ರಗಳು ಒಂದೇ ವ್ಯಕ್ತಿಯ ಮೇಲೆ ಅಥವಾ ಒಂದೇ ಸ್ಥಳದಲ್ಲಿ ಪರಸ್ಪರ ವಿರುದ್ಧವಾದ ಫಲವನ್ನು ಕೊಡಹೊರಟರೆ ಆಗುವುದೇನು?

೨

ಈ ಪ್ರಶ್ನೆಗೆ ಹೊಸ ತುರ್ತು ಬಂದದ್ದು ಮೇಜು ಗಣಕಯಂತ್ರದೊಳಕ್ಕೆ ಹೋದಮೇಲೆ. ಫ್ಯಾಂಟಸಿ ಗ್ರೌಂಡ್ಸ್ ೨೦೦೪ರಲ್ಲಿಯೂ, ರೋಲ್ ಟ್ವೆಂಟಿ ೨೦೧೨ರಲ್ಲಿಯೂ, ಫೌಂಡ್ರಿ ೨೦೨೦ರಲ್ಲಿಯೂ ಬಳಕೆಗೆ ಬಂದವು. ಇವುಗಳಿಗೆ ವರ್ಚುಯಲ್ ಟೇಬಲ್‌ಟಾಪ್ ಎಂಬುದು ಸಾಮಾನ್ಯ ನಾಮ. ಬೇರೆ ಬೇರೆ ಊರುಗಳಲ್ಲಿರುವ ಆಟಗಾರರು ಒಂದೇ ಭೂಪಟವನ್ನು ತಮ್ಮ ತಮ್ಮ ತೆರೆಯ ಮೇಲೆ ಕಾಣುತ್ತಾರೆ. ದಾಳವನ್ನು ಯಂತ್ರವೇ ಉರುಳಿಸುತ್ತದೆ. ಪಾತ್ರದ ಶಕ್ತಿ, ವೇಗ, ಗಾಯಗಳ ಲೆಕ್ಕವನ್ನು ಯಂತ್ರವೇ ಇಡುತ್ತದೆ. ಊರು ಬಿಟ್ಟು ಚದುರಿಹೋದ ಗೆಳೆಯರು ಮತ್ತೆ ಒಂದು ಮೇಜಿಗೆ ಬರುವುದು ಇದರಿಂದ ಸಾಧ್ಯವಾಯಿತು. ಹೊರನಾಡಿನಲ್ಲಿ ಬಾಳುವವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಆದರೆ ಮೇಜು ಯಂತ್ರವಾದಾಗ ತೀರ್ಪಿನ ಕಾಲವೇ ಪಲ್ಲಟವಾಗುತ್ತದೆ. ಮರದ ಮೇಜಿನಲ್ಲಿ ಸೂತ್ರಧಾರನು ಸಂದರ್ಭವನ್ನು ಕಂಡು, ಆಮೇಲೆ ಮಾತನಾಡುತ್ತಾನೆ. ಯಂತ್ರಕ್ಕಾದರೋ ಸಂದರ್ಭ ಬರುವುದಕ್ಕೆ ಮುಂಚೆಯೇ ಹೇಳಿಟ್ಟಿರಬೇಕು. ಗ್ರಂಥವು ಮೌನವಾಗಿರುವ ಕಡೆಯಲ್ಲಿ ಸೂತ್ರಧಾರನು 'ಸ್ವಲ್ಪ ಆಲೋಚಿಸೋಣ' ಎನ್ನಬಲ್ಲ. ಯಂತ್ರವು ಮೌನವಾಗಿರಲಾರದು, ತೆರೆಯ ಮೇಲೆ ಏನನ್ನಾದರೂ ತೋರಿಸಲೇಬೇಕು. ಅದು ತೋರಿಸಿದ್ದೇ ನಿಯಮವೆಂದು ಆಟಗಾರರು ಭಾವಿಸುತ್ತಾರೆ. ಹೀಗೆ, ಯಾರೋ ಕಾರ್ಯಕ್ರಮಕಾರನು ಅನುಕೂಲಕ್ಕಾಗಿ ಮಾಡಿಕೊಂಡ ಆಯ್ಕೆಯೊಂದು ಕಾರಣವನ್ನು ಹೇಳದೆಯೇ ಶಾಸ್ತ್ರದ ಸ್ಥಾನವನ್ನು ಪಡೆಯುತ್ತದೆ. ಪ್ರಸ್ತುತ ವಿಮರ್ಶೆಯ ಮುಖ್ಯ ಆಕ್ಷೇಪವಿರುವುದು ಇಲ್ಲಿಯೇ. ಯಂತ್ರವು ಲೆಕ್ಕ ಮಾಡುವುದು ದೋಷವಲ್ಲ. ತೀರ್ಪನ್ನು ಲೆಕ್ಕದ ವೇಷದಲ್ಲಿ ಕೊಡುವುದು ದೋಷ.

ವಿರೋಧವೆಂಬುದು ಒಂದೇ ಬಗೆಯದಲ್ಲವೆಂದು ಅರಿತರೆ ಈ ಮಾತು ಸ್ಪಷ್ಟವಾಗುತ್ತದೆ. ಪರಿಮಾಣದ ವಿರೋಧ, ಸ್ಥಾನದ ವಿರೋಧ, ಕ್ರಿಯೆಯ ವಿರೋಧ ಎಂದು ಅದನ್ನು ಮೂರಾಗಿ ವಿಂಗಡಿಸಬಹುದು. ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು ಉಚಿತ.

೩

ಪರಿಮಾಣದ ವಿರೋಧಕ್ಕೆ ಒಳ್ಳೆಯ ನಿದರ್ಶನ ಹೇಸ್ಟ್ ಎಂಬ ವೇಗಮಂತ್ರ ಮತ್ತು ಸ್ಲೋ ಎಂಬ ಮಾಂದ್ಯಮಂತ್ರ. ೨೦೦೦ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಇವೆರಡರ ಸಂಬಂಧ ಸ್ಪಷ್ಟವಾಗಿತ್ತು: ಒಂದು ಇನ್ನೊಂದನ್ನು ತಡೆಯುತ್ತದೆ, ಪ್ರಯೋಗವಾಗಿದ್ದರೆ ಅಳಿಸುತ್ತದೆ. ಹಾಗೆ ವಿಶೇಷವಾಗಿ ಹೇಳಿರದ ಮಂತ್ರಗಳಾದರೆ, ವಿರುದ್ಧವಾಗಿದ್ದರೂ ಎರಡೂ ಪ್ರಯೋಗವಾದ ಕ್ರಮದಲ್ಲಿ ತಮ್ಮ ತಮ್ಮ ಫಲವನ್ನು ಕೊಡುತ್ತವೆಂದು ಆ ಆವೃತ್ತಿಯೇ ಸಾಮಾನ್ಯ ನಿಯಮವನ್ನೂ ವಿಧಿಸಿತ್ತು. ೨೦೧೪ರ ಐದನೆಯ ಆವೃತ್ತಿ ವೇಗ-ಮಾಂದ್ಯಗಳ ಈ ಪರಸ್ಪರ ನಾಶವನ್ನು ಕೈಬಿಟ್ಟಿತು. ಭಿನ್ನ ಮಂತ್ರಗಳ ಫಲಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಒಂದೇ ಮಂತ್ರ ಎರಡು ಸಲ ತಗುಲಿದರೆ ಪ್ರಬಲವಾದುದು ಮಾತ್ರ ನಿಲ್ಲುತ್ತದೆ ಎಂಬ ಸಾಮಾನ್ಯ ನಿಯಮವಷ್ಟೇ ಅಲ್ಲಿರುವುದು.

ಆದುದರಿಂದ ಐದನೆಯ ಆವೃತ್ತಿಯ ಯೋಧನೊಬ್ಬನ ಮೇಲೆ ಇವೆರಡೂ ಒಟ್ಟಿಗೆ ಇರಬಹುದು. ವೇಗಮಂತ್ರ ಅವನ ನಡಿಗೆಯನ್ನು ಇಮ್ಮಡಿ ಮಾಡುತ್ತದೆ, ಮಾಂದ್ಯಮಂತ್ರ ಅರ್ಧ ಮಾಡುತ್ತದೆ. ನಡಿಗೆ ಮೊದಲಿನಷ್ಟೇ ಆಯಿತು. ಒಂದು ರಕ್ಷಾಂಕಕ್ಕೆ ೨ ಕೂಡಿಸುತ್ತದೆ, ಇನ್ನೊಂದು ೨ ಕಳೆಯುತ್ತದೆ, ಅದೂ ಸಮವಾಯಿತು. ಇಷ್ಟನ್ನು ನೋಡಿ, 'ಎರಡೂ ಹೊಡೆದುಹೋದವು, ಎರಡನ್ನೂ ಅಳಿಸಿಬಿಡೋಣ' ಎಂದು ಆತುರಪಡುವವರು ಮೇಜಿನಲ್ಲಿಯೂ ಇದ್ದಾರೆ, ಯಂತ್ರವನ್ನು ರಚಿಸುವವರಲ್ಲಿಯೂ ಇದ್ದಾರೆ. ಆದರೆ ಹೊಡೆದುಹೋದದ್ದು ಅಂಕಿಗಳು ಮಾತ್ರ. ಚುರುಕಿನಿಂದ ಅಪಾಯವನ್ನು ತಪ್ಪಿಸಿಕೊಳ್ಳುವ ಪರೀಕ್ಷೆಯಲ್ಲಿ ವೇಗಮಂತ್ರ ಕೊಡುವುದು ಎರಡು ದಾಳಗಳನ್ನು ಎಸೆದು ಹೆಚ್ಚಿನದನ್ನು ಆರಿಸಿಕೊಳ್ಳುವ ಅನುಕೂಲವನ್ನು. ಮಾಂದ್ಯಮಂತ್ರ ಕಳೆಯುವುದು ೨ ಅಂಕಗಳನ್ನು. ಇವು ಬೇರೆ ಬೇರೆ ಜಾತಿಯವು. ಒಂದು ಇನ್ನೊಂದನ್ನು ತೀರಿಸಲಾರದು. ವೇಗಮಂತ್ರ ಒಂದು ಹೆಚ್ಚಿನ ಕ್ರಿಯೆಯನ್ನು ಕೊಡುತ್ತದೆ. ಮಾಂದ್ಯಮಂತ್ರವು ಪ್ರತಿಕ್ರಿಯೆಯನ್ನು ಕಸಿದುಕೊಂಡು, ಸರದಿಯೊಂದರಲ್ಲಿ ಒಂದಕ್ಕಿಂತ ಹೆಚ್ಚು ಹೊಡೆತ ಕೂಡದೆಂದು ವಿಧಿಸುತ್ತದೆ. ಆ ಯೋಧನು ಮಂತ್ರರಹಿತನಾದ ಯೋಧನಿಗೆ ಸಮಾನನೇ ಅಲ್ಲ.

ಇದಕ್ಕಿಂತ ಮುಖ್ಯವಾದುದು ಮುಂದಿನ ಕಾಲದ ಮಾತು. ಮಾಂದ್ಯಕ್ಕೆ ಸಿಕ್ಕಿದವನು ತನ್ನ ಪ್ರತಿ ಸರದಿಯ ಕೊನೆಯಲ್ಲಿ ಪರೀಕ್ಷೆಯನ್ನು ಎದುರಿಸಿ ಅದರಿಂದ ಬಿಡಿಸಿಕೊಳ್ಳಬಹುದು. ಬಿಡಿಸಿಕೊಂಡ ಕ್ಷಣದಲ್ಲಿ ಅವನ ವೇಗವೆಲ್ಲ ಮರಳಿ ಬರತಕ್ಕದ್ದು. ವೇಗಮಂತ್ರವೂ ಸುಮ್ಮನೆ ಮುಗಿಯುವುದಿಲ್ಲ. ಮುಗಿದೊಡನೆ ಒಂದು ಬಳಲಿಕೆ ಬಂದು, ಮುಂದಿನ ಸರದಿ ಕಳೆಯುವವರೆಗೆ ಅವನು ನಡೆಯಲೂ ಆರನು, ಏನನ್ನು ಮಾಡಲೂ ಆರನು. ಎರಡನ್ನೂ ಅಳಿಸಿ ಶೂನ್ಯವೆಂದು ಬರೆದಿಟ್ಟ ಯಂತ್ರಕ್ಕೆ ಈ ಮರಳಿಕೆಯೂ ಗೊತ್ತಿಲ್ಲ, ಈ ಬಳಲಿಕೆಯೂ ಗೊತ್ತಿಲ್ಲ. ಲೆಕ್ಕಪತ್ರವನ್ನು ಬಲ್ಲವರಿಗೆ ಈ ದೋಷ ಒಡನೆಯೇ ತಿಳಿಯುತ್ತದೆ. ಸಾವಿರ ರೂಪಾಯಿ ಜಮೆಯಾಗಿ ಸಾವಿರ ರೂಪಾಯಿ ಖರ್ಚಾದ ಖಾತೆಯ ಶಿಲ್ಕು ಸೊನ್ನೆ. ಏನೂ ನಡೆಯದ ಖಾತೆಯ ಶಿಲ್ಕೂ ಸೊನ್ನೆ. ಅಷ್ಟರಿಂದ ಎರಡು ಖಾತೆಗಳೂ ಒಂದೇ ಎಂದು ಹೇಳುವವನ ಕೈಗೆ ಯಾರೂ ಪುಸ್ತಕವನ್ನು ಕೊಡುವುದಿಲ್ಲ. ಜಮೆಯನ್ನೂ ಖರ್ಚನ್ನೂ ಎರಡು ಕಡೆ ಬರೆದು ಶಿಲ್ಕನ್ನು ಬೇರೆಯಾಗಿ ತೆಗೆಯುವುದೇ ಲೆಕ್ಕದ ಧರ್ಮ. ವಿರುದ್ಧ ಮಂತ್ರಗಳ ಧರ್ಮವೂ ಅದೇ.

ಎರಡನ್ನೂ ಬರೆದಿಟ್ಟರೂ ಕ್ರಮದ ಪ್ರಶ್ನೆ ಉಳಿಯುತ್ತದೆ. ಫೌಂಡ್ರಿಯ ವ್ಯವಸ್ಥೆಯಲ್ಲಿ ಪಾತ್ರಕ್ಕೆ ತಗುಲಿದ ಪರಿಣಾಮಗಳಿಗೆ ಗುಣಿಸುವುದು, ಕೂಡಿಸುವುದು, ತಗ್ಗಿಸುವುದು, ಏರಿಸುವುದು, ಬದಲಿಸುವುದು ಎಂಬ ರೀತಿಗಳನ್ನು ಗೊತ್ತುಮಾಡಿದೆ. ಬೇರೆ ಸೂಚನೆಯಿಲ್ಲದಿದ್ದರೆ ಗುಣಾಕಾರ ಮೊದಲು, ಸಂಕಲನ ಆಮೇಲೆ. ೩೦ ಅಡಿ ನಡೆಯಬಲ್ಲವನಿಗೆ ಲಾಂಗ್‌ಸ್ಟ್ರೈಡರ್ ಎಂಬ ಮಂತ್ರ ೧೦ ಅಡಿಗಳನ್ನು ಕೂಡಿಸಿತು, ವೇಗಮಂತ್ರ ಇಮ್ಮಡಿಸಿತು ಎಂದುಕೊಳ್ಳೋಣ. ಯಂತ್ರದ ಕ್ರಮದಲ್ಲಿ ಮೂವತ್ತರ ಇಮ್ಮಡಿ ೬೦, ಅದಕ್ಕೆ ೧೦ ಕೂಡಿ ೭೦ ಅಡಿ. ಮೊದಲು ಕೂಡಿಸಿ ಆಮೇಲೆ ಗುಣಿಸಿದರೆ ೮೦ ಅಡಿ. ಮಾಂದ್ಯಮಂತ್ರವೂ ಬಂದು ಸೇರಿದರೆ ಎರಡು ಕ್ರಮಗಳಲ್ಲಿಯೂ ೪೦ ಅಡಿಯೇ! ವಿರೋಧವಿರುವ ತನಕ ಮರೆಯಾಗಿದ್ದ ಭೇದವು ಒಂದು ಮಂತ್ರ ಬಿಟ್ಟುಹೋದ ಕೂಡಲೆ ತಲೆಯೆತ್ತುತ್ತದೆ. ಹತ್ತು ಅಡಿಗಳಲ್ಲಿ ಏನಿದೆ ಎನ್ನುವಂತಿಲ್ಲ. ಕಂದರದಿಂದ ಈಚೆಗೆ ಉಳಿಯುವುದೂ ಆಚೆಗೆ ದಾಟುವುದೂ ಆ ಹತ್ತು ಅಡಿಗಳಲ್ಲಿಯೇ ಇರಬಹುದು.

ವಿಧಿಗಳ ಬಲಾಬಲವನ್ನು ಮೊದಲೇ ಗೊತ್ತುಮಾಡಿಡುವುದು ಹೊಸ ವಿಚಾರವೇನೂ ಅಲ್ಲ. ಸಮಬಲವುಳ್ಳ ಎರಡು ಸೂತ್ರಗಳು ಸ್ಪರ್ಧಿಸಿದರೆ ಪಾಠಕ್ರಮದಲ್ಲಿ ಹಿಂದಿನಿಂದ ಬಂದದ್ದೇ ಪ್ರಬಲವೆಂದು ಪಾಣಿನಿ ನಿಯಮಿಸಿದನು. ಸಾಮಾನ್ಯವಿಧಿಗಿಂತ ಅಪವಾದ ಬಲವತ್ತರವೆಂಬುದು ವ್ಯಾಕರಣ-ಮೀಮಾಂಸೆಗಳಿಗೆ ಸಮಾನವಾದ ಮತ; ವಿಶೇಷವು ಸಾಮಾನ್ಯವನ್ನು ಗೆಲ್ಲುತ್ತದೆಂದು ಐದನೆಯ ಆವೃತ್ತಿಯ ಪೀಠಿಕೆಯಲ್ಲಿಯೂ ಹೇಳಿದೆ. ಆದರೆ ಪಾಣಿನಿಯ ಕ್ರಮ ಎಲ್ಲರ ಕಣ್ಣೆದುರಿಗೆ ಇತ್ತು. ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂದು ಕಾತ್ಯಾಯನ ಪತಂಜಲಿಗಳು ಚರ್ಚಿಸಿದರು. ಯಂತ್ರದ ಕ್ರಮವನ್ನೂ ಬಲ್ಲವರು ಬದಲಾಯಿಸಬಹುದೆಂಬುದು ನಿಜ. ಆದರೆ ಆಟಗಾರನು ಕಾಣುವುದು ಎಪ್ಪತ್ತು ಎಂಬ ಅಂಕಿಯನ್ನು ಮಾತ್ರ. ಅದರ ಹಿಂದೆ ಒಂದು ಪಕ್ಷವಿದೆಯೆಂಬುದೂ, ಎಂಬತ್ತೆಂಬ ಪ್ರತಿಪಕ್ಷ ಸಾಧ್ಯವೆಂಬುದೂ ಅವನಿಗೆ ಗೋಚರಿಸುವುದಿಲ್ಲ.

ಅಳಿಸುವುದು ಎಂದೂ ಸಲ್ಲದೆಂದು ಇದರ ಅರ್ಥವಲ್ಲ. ಐದನೆಯ ಆವೃತ್ತಿಯಲ್ಲಿ ಅನುಕೂಲ-ಪ್ರತಿಕೂಲಗಳೆಂಬ ಒಂದು ಜೋಡಿಯಿದೆ: ಅನುಕೂಲವಿದ್ದರೆ ಇಪ್ಪತ್ತು ಮುಖದ ಎರಡು ದಾಳಗಳಲ್ಲಿ ಹೆಚ್ಚಿನದು, ಪ್ರತಿಕೂಲವಿದ್ದರೆ ಕಡಮೆಯದು. ಎರಡೂ ಇದ್ದರೆ, ಒಂದು ಕಡೆ ಮೂರು ಕಾರಣಗಳಿದ್ದು ಇನ್ನೊಂದು ಕಡೆ ಒಂದೇ ಇದ್ದರೂ, ಯಾವುದೂ ಇಲ್ಲವೆಂದು ಎಣಿಸಿ ಒಂದೇ ದಾಳವನ್ನು ಎಸೆಯಬೇಕು. ಇಲ್ಲಿ ಗ್ರಂಥಕಾರರೇ ಎಣಿಕೆಯ ತೊಡಕು ಬೇಡವೆಂದು ತೀರ್ಪು ಕೊಟ್ಟಿದ್ದಾರೆ. ಯಂತ್ರ ಅದನ್ನು ನಿಷ್ಠೆಯಿಂದ ಪಾಲಿಸಬಹುದು. ಆದರೆ ಆ ಕ್ಷಣದ ದಾಳಕ್ಕೆ ಹೇಳಿದ ಈ ನಿಯಮವನ್ನು ಮಂತ್ರಗಳಿಗೆಲ್ಲ ಹಬ್ಬಿಸುವುದು ಅತಿವ್ಯಾಪ್ತಿ.

೪

ಎರಡನೆಯದು ಸ್ಥಾನದ ವಿರೋಧ. ಬೆಳಕೂ ಕತ್ತಲೆಯೂ ಒಂದೇ ಎಡೆಯನ್ನು ಬಯಸಿದಾಗ ಇದು ಉಂಟಾಗುತ್ತದೆ. ಕತ್ತಲೆ ದ್ರವ್ಯವೋ ಬೆಳಕಿನ ಅಭಾವವೋ ಎಂಬ ವಾದ ದರ್ಶನಶಾಸ್ತ್ರವನ್ನು ಬಲ್ಲವರಿಗೆ ತಿಳಿದದ್ದೇ: ನ್ಯಾಯ-ವೈಶೇಷಿಕರ ಮತದಲ್ಲಿ ತಮಸ್ಸೆಂಬುದು ತೇಜಸ್ಸಿನ ಅಭಾವ, ಭಾಟ್ಟಮೀಮಾಂಸಕರ ಮತದಲ್ಲಿ ಅದೊಂದು ದ್ರವ್ಯ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ವಿಷಯದಲ್ಲಿ ಭಾಟ್ಟರ ಪಕ್ಷವನ್ನು ಹಿಡಿದಿದೆ. ಡಾರ್ಕ್‌ನೆಸ್ ಎಂಬ ತಿಮಿರಮಂತ್ರದಿಂದ ಹುಟ್ಟುವ ಕತ್ತಲೆ ೧೫ ಅಡಿ ತ್ರಿಜ್ಯದ ಗೋಲವಾಗಿ ಹಬ್ಬುತ್ತದೆ, ಮೂಲೆಗಳನ್ನು ಸುತ್ತಿ ಹೋಗುತ್ತದೆ, ಪಂಜು ದೀಪಗಳ ಬೆಳಕನ್ನು ಒಳಕ್ಕೆ ಬಿಡುವುದಿಲ್ಲ. ಅಭಾವವು ಇಷ್ಟು ಕೆಲಸವನ್ನು ಮಾಡಲಾರದು. ಗಣಕದ ಮೇಜೂ ಇದಕ್ಕೆ ಹೊಂದಿಕೊಂಡಿದೆ: ಫೌಂಡ್ರಿಯಲ್ಲಿ ದೀಪವನ್ನು ಇಡುವ ಉಪಕರಣದಿಂದಲೇ ಕತ್ತಲೆಯ ಮೂಲವನ್ನೂ ಇಡುತ್ತಾರೆ.

ವಿರೋಧಪರಿಹಾರಕ್ಕೆ ಐದನೆಯ ಆವೃತ್ತಿ ಅಂತಸ್ತಿನ ತತ್ತ್ವವನ್ನು ಅನುಸರಿಸುತ್ತದೆ. ತಿಮಿರಮಂತ್ರ ಎರಡನೆಯ ಮಟ್ಟದ್ದು. ಎರಡನೆಯ ಅಥವಾ ಅದಕ್ಕೆ ಕೆಳಗಿನ ಮಟ್ಟದ ಮಂತ್ರದ ಬೆಳಕು ಅದನ್ನು ತಾಗಿದರೆ ಆ ಬೆಳಕಿನ ಮಂತ್ರ ನಾಶವಾಗುತ್ತದೆ. ಡೇಲೈಟ್ ಎಂಬ ಹಗಲ್ಬೆಳಕಿನ ಮಂತ್ರ ಮೂರನೆಯ ಮಟ್ಟದ್ದು; ಮೂರನೆಯ ಅಥವಾ ಅದಕ್ಕೆ ಕೆಳಗಿನ ಮಟ್ಟದ ಕತ್ತಲೆ ಅದನ್ನು ತಾಗಿದರೆ ಕತ್ತಲೆಯ ಮಂತ್ರವೇ ನಾಶವಾಗುತ್ತದೆ.

ಇಲ್ಲಿ ನಾಶವೆಂಬ ಮಾತನ್ನು ಗಮನಿಸತಕ್ಕದ್ದು. ಜನಜನಿತವಾದ ಸೈಂಧವವಧೆಯ ಕಥೆಯಲ್ಲಿ ಕೃಷ್ಣನು ಸೂರ್ಯನನ್ನು ಮರೆಮಾಡುತ್ತಾನೆ. ಮರೆ ತೆಗೆದೊಡನೆ ಅದೇ ಸೂರ್ಯ ಮತ್ತೆ ಕಾಣುತ್ತಾನೆ. ಅದು ತಿರೋಧಾನ, ನಾಶವಲ್ಲ. ತಿರೋಧಾನಕ್ಕೆ ಹೋಲುವ ವಿಧಿ ಈ ಆಟದಲ್ಲಿಯೂ ಹಿಂದೆ ಇತ್ತು: ೨೦೦೩ರ ಪರಿಷ್ಕೃತ ಪಾಠದಂತೆ, ಹಗಲ್ಬೆಳಕನ್ನು ಮಾಂತ್ರಿಕ ಕತ್ತಲೆಯೊಳಕ್ಕೆ ಒಯ್ದರೆ, ಎರಡೂ ಕೂಡುವ ಎಡೆಯಲ್ಲಿ ತಾತ್ಕಾಲಿಕವಾಗಿ ಸ್ತಂಭಿತವಾಗಿ, ಅಲ್ಲಿಯ ಸಹಜವಾದ ಬೆಳಕೋ ಕತ್ತಲೆಯೋ ಉಳಿಯುತ್ತಿತ್ತು. ಐದನೆಯ ಆವೃತ್ತಿಯಲ್ಲಿ ಸೋತ ಮಂತ್ರ ಮರಳಿ ಬರುವುದಿಲ್ಲ. ಆದರೆ ಭೂಪಟದ ಮೇಲೆ ಬೆಳಕಿನ ಮಂತ್ರವನ್ನು ತೆಗೆಯದೆ, ಕಪ್ಪು ವೃತ್ತವನ್ನು ಅದರ ಮೇಲೆ ಇರಿಸಿ ಸುಮ್ಮನಾದರೆ ನಡೆದದ್ದು ತಿರೋಧಾನವೇ. ಹತ್ತು ನಿಮಿಷಗಳ ಅನಂತರ ಕಪ್ಪು ವೃತ್ತ ಹೋದಾಗ, ಸತ್ತುಹೋಗಿರಬೇಕಾದ ಬೆಳಕು ಮತ್ತೆ ಬೆಳಗುತ್ತದೆ. ಚಿತ್ರ ಸರಿಯಾಗಿಯೇ ಕಾಣುತ್ತಿತ್ತು. ನಿಯಮ ಮಾತ್ರ ತಪ್ಪಿತ್ತು. ಕಣ್ಣಿಗೆ ಒಂದೇ ಆಗಿ ತೋರುವ ಎರಡು ಸ್ಥಿತಿಗಳು ನಿಯಮದಲ್ಲಿ ಬೇರೆಯಾಗಿರಬಲ್ಲವೆಂಬುದನ್ನು ಚಿತ್ರಪ್ರಧಾನವಾದ ಯಂತ್ರ ಸುಲಭವಾಗಿ ಮರೆಯುತ್ತದೆ.

ಇನ್ನೂ ಸೂಕ್ಷ್ಮವಾದ ಸಂಕಟವೊಂದಿದೆ. ಮಾಂತ್ರಿಕನು ಹೆಚ್ಚಿನ ಶಕ್ತಿಯನ್ನು ವ್ಯಯಿಸಿ ಕೆಳಮಟ್ಟದ ಮಂತ್ರವನ್ನು ಮೇಲ್ಮಟ್ಟದಲ್ಲಿ ಪ್ರಯೋಗಿಸಬಹುದು. ಆ ಸಲಕ್ಕೆ ಅದು ಮೇಲ್ಮಟ್ಟದ ಮಂತ್ರವೇ ಆಗುತ್ತದೆ. ತಿಮಿರಮಂತ್ರವನ್ನು ನಾಲ್ಕನೆಯ ಮಟ್ಟದಲ್ಲಿ ಪ್ರಯೋಗಿಸಿದ ಎಡೆಗೆ ಮೂರನೆಯ ಮಟ್ಟದ ಹಗಲ್ಬೆಳಕು ಬಂತೆನ್ನೋಣ. ಹಗಲ್ಬೆಳಕು ಕೊಲ್ಲಬಲ್ಲದ್ದು ಮೂರನೆಯ ಮಟ್ಟದವರೆಗಿನ ಕತ್ತಲೆಯನ್ನು; ಈ ಕತ್ತಲೆ ನಾಲ್ಕನೆಯದು. ತಿಮಿರಮಂತ್ರ ಕೊಲ್ಲಬಲ್ಲದ್ದು ಎರಡನೆಯ ಮಟ್ಟದವರೆಗಿನ ಬೆಳಕನ್ನು. ಈ ಬೆಳಕು ಮೂರನೆಯದು. ಯಾವುದೂ ಯಾವುದನ್ನೂ ಕೊಲ್ಲದು. ಹಾಗಾದರೆ ಅಲ್ಲಿ ನಿಂತವನಿಗೆ ಕಣ್ಣು ಕಾಣುತ್ತದೆಯೆ?

ಗ್ರಂಥ ಇದಕ್ಕೆ ನೇರವಾದ ಉತ್ತರವನ್ನು ಕೊಡುವುದಿಲ್ಲ. ಪೂರ್ವಪಕ್ಷ ಹೀಗಿರಬಹುದು: ಕತ್ತಲೆ ಅಳಿದಿಲ್ಲ, ಅಳಿಯದ ಮಂತ್ರ ತನ್ನ ಫಲವನ್ನು ಕೊಡಲೇಬೇಕು, ಆದುದರಿಂದ ಅಲ್ಲಿ ಕತ್ತಲೆಯೇ. ಇದೇ ತರ್ಕ ಬೆಳಕಿಗೂ ಅನ್ವಯಿಸುವುದರಿಂದ ಈ ಪಕ್ಷ ನಿಲ್ಲುವುದಿಲ್ಲ. ತಿಮಿರಮಂತ್ರದ ವಾಕ್ಯವನ್ನೇ ನೋಡಬೇಕು. ಆ ಕತ್ತಲೆಯನ್ನು ಬೆಳಗಲಾರದ್ದು ಮಾಂತ್ರಿಕವಲ್ಲದ ಬೆಳಕು ಎಂದು ಅಲ್ಲಿ ವಿಶೇಷಿಸಿದೆ. ಯಾವ ಬೆಳಕೂ ಬೆಳಗಲಾರದೆಂಬುದೇ ವಿವಕ್ಷಿತವಾಗಿದ್ದರೆ ಆ ವಿಶೇಷಣ ವ್ಯರ್ಥ. ವಿಶೇಷಣಕ್ಕೆ ವ್ಯರ್ಥತ್ವ ಬಾರದಂತೆ ಅರ್ಥವನ್ನು ಹೇಳಬೇಕೆಂಬುದು ವ್ಯಾಖ್ಯಾನದ ಮರ್ಯಾದೆಯಾದುದರಿಂದ, ಉಳಿದುಕೊಂಡ ಮಾಂತ್ರಿಕ ಬೆಳಕು ಆ ಎಡೆಯನ್ನು ಬೆಳಗುತ್ತದೆಂಬ ಪಕ್ಷವೇ ಹೆಚ್ಚು ಯುಕ್ತವಾಗಿ ತೋರುತ್ತದೆ. ಆದರೆ ಶಕ್ತಿಯನ್ನು ಹೆಚ್ಚಾಗಿ ವ್ಯಯಿಸಿದ ಮಾಂತ್ರಿಕನಿಗೆ ಇದರಿಂದ ಅನ್ಯಾಯವಾಯಿತೆಂದು ವಾದಿಸುವವರೂ ಇರಬಹುದು. ಹಳೆಯ ಪಾಠದ ಮಧ್ಯಮಾರ್ಗವನ್ನು ಹಿಡಿದು, ಇಬ್ಬರ ಮಂತ್ರವೂ ಅಲ್ಲಿ ಸ್ತಂಭಿಸಲಿ ಎನ್ನುವ ಸೂತ್ರಧಾರನೂ ಇರಬಹುದು. ಮೂರಕ್ಕೂ ಕಾರಣಗಳಿವೆ. ಮೇಜಿನಲ್ಲಿ ಈ ಕಾರಣಗಳನ್ನು ಹೇಳಿ, ಕೇಳಿ, ಒಂದನ್ನು ಒಪ್ಪಿ, ಆಟ ಮುಂದುವರಿಯುತ್ತದೆ. ಆ ತೀರ್ಪು ಮುಂದಿನ ಸಂದರ್ಭಕ್ಕೆ ಪ್ರಮಾಣವೂ ಆಗುತ್ತದೆ. ಯಂತ್ರವಾದರೆ ಎರಡು ಮೂಲಗಳಲ್ಲಿ ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಬರೆಯುತ್ತದೆ. ಅಷ್ಟಕ್ಕೆ ವ್ಯಾಜ್ಯ ಮುಗಿಯಿತು. ವಾದ ನಡೆಯಲೇ ಇಲ್ಲ, ತೀರ್ಪು ಮಾತ್ರ ಜಾರಿಯಾಯಿತು.

೫

ಮೂರನೆಯದು ಕ್ರಿಯೆಯ ವಿರೋಧ. ಕೌಂಟರ್‌ಸ್ಪೆಲ್ ಎಂಬ ಪ್ರತಿಮಂತ್ರ ಇನ್ನೊಂದು ಮಂತ್ರದ ಫಲವನ್ನು ಎದುರಿಸುವುದಿಲ್ಲ. ಮಂತ್ರ ಹುಟ್ಟುವುದನ್ನೇ ತಡೆಯುತ್ತದೆ. ಅರವತ್ತು ಅಡಿಗಳೊಳಗೆ ಯಾರಾದರೂ ಮಂತ್ರವನ್ನು ಪ್ರಯೋಗಿಸುವುದು ಕಂಡಾಗ ಒಡನೆಯೇ ಇದನ್ನು ಹೇಳಬೇಕು. ೨೦೧೪ರ ಪಾಠದಲ್ಲಿ ಮೂರನೆಯ ಮಟ್ಟದವರೆಗಿನ ಮಂತ್ರ ತಾನಾಗಿಯೇ ತಡೆಯಲ್ಪಡುತ್ತಿತ್ತು. ಮೇಲಿನ ಮಟ್ಟದ್ದಾದರೆ, ಪ್ರತಿಮಂತ್ರವನ್ನೂ ಅಷ್ಟೇ ಎತ್ತರದ ಮಟ್ಟದಲ್ಲಿ ಪ್ರಯೋಗಿಸದಿದ್ದಲ್ಲಿ, ತಡೆಯುವವನು ದಾಳದ ಪರೀಕ್ಷೆಯಲ್ಲಿ ಗೆಲ್ಲಬೇಕಾಗಿತ್ತು. ೨೦೨೪ರ ಪರಿಷ್ಕರಣದಲ್ಲಿ ಪರೀಕ್ಷೆಯನ್ನು ಎದುರಿಸುವವನು ಮಂತ್ರವನ್ನು ಪ್ರಯೋಗಿಸುತ್ತಿರುವವನು. ಸೋತರೂ ಅವನು ವ್ಯಯಿಸಹೊರಟಿದ್ದ ಶಕ್ತಿಯ ಅಂಶ ಅವನಲ್ಲಿಯೇ ಉಳಿಯುತ್ತದೆ. ತಡೆಯುವವನ ಜಯವನ್ನು ತುಸು ಮೃದುಗೊಳಿಸಿದ ಈ ತಿದ್ದುಪಡಿ ಶ್ಲಾಘ್ಯವಾದುದೇ. ಏನೂ ಮಾಡಲಾಗದೆ ಸರದಿಯನ್ನು ಕಳೆದುಕೊಂಡು ಕುಳಿತ ಆಟಗಾರನ ಬೇಸರ ಅದರ ಹಿಂದೆ ಇದ್ದಿರಬೇಕು.

ಇಲ್ಲಿ ಯಂತ್ರದ ತೊಡಕು ಬೇರೆ ಬಗೆಯದು. ಪ್ರತಿಮಂತ್ರಕ್ಕೆ ಒಂದು ನಡುಗಾಲ ಬೇಕು: ಎದುರಾಳಿ ತೊಡಗಿದ್ದಾನೆ, ಇನ್ನೂ ಮುಗಿಸಿಲ್ಲ. ಮೇಜಿನಲ್ಲಿ ಸೂತ್ರಧಾರನ ಮಾತಿನ ಒಂದು ಬಿಡುವೇ ಆ ನಡುಗಾಲ. ಗಣಕದಲ್ಲಿ ಒಂದು ಗುಂಡಿಯನ್ನು ಒತ್ತಿದೊಡನೆ ಮಂತ್ರದ ಹೆಸರು, ದಾಳದ ಅಂಕಿ, ಗಾಯದ ಲೆಕ್ಕ ಎಲ್ಲವೂ ಒಮ್ಮೆಗೇ ತೆರೆಗೆ ಬಂದರೆ, ತಡೆಯುವವನಿಗೆ ಬಿಡುವೆಲ್ಲಿ? ಅಷ್ಟೇ ಅಲ್ಲ. ೨೦೧೭ರಲ್ಲಿ ಪ್ರಕಟವಾದ ಕ್ಸಾನಥಾರನ ಹೆಸರಿನ ಪೂರಕಗ್ರಂಥದ ಐಚ್ಛಿಕ ನಿಯಮವೊಂದರಂತೆ, ಪ್ರಯೋಗವಾಗುತ್ತಿರುವ ಮಂತ್ರ ಯಾವುದೆಂದು ಗುರುತಿಸುವುದಕ್ಕೂ ಪ್ರತಿಕ್ರಿಯೆಯನ್ನು ವ್ಯಯಿಸಬೇಕು. ಗುರುತಿಸಿದವನಿಗೆ ತಡೆಯಲು ಪ್ರತಿಕ್ರಿಯೆ ಉಳಿಯುವುದಿಲ್ಲ. ಬರುತ್ತಿರುವುದು ಕಿಡಿಯೋ ಕಾಳ್ಗಿಚ್ಚೋ ತಿಳಿಯದೆಯೇ ತನ್ನ ಶಕ್ತಿಯನ್ನು ಪಣವಾಗಿ ಒಡ್ಡುವುದೇ ಅವನ ಧರ್ಮಸಂಕಟ. ಯಂತ್ರ ಮಂತ್ರದ ಹೆಸರನ್ನು ಎಲ್ಲರಿಗೂ ಮೊದಲೇ ಸಾರಿಬಿಟ್ಟರೆ ಆ ಸಂಕಟವೇ ಇಲ್ಲವಾಗುತ್ತದೆ. ಯಾವ ಅಂಕಿಯೂ ತಪ್ಪದೆ, ನಾಟಕ ಮಾತ್ರ ಕೆಡುತ್ತದೆ.

ಏಕಕಾಲದಲ್ಲಿ ಸಂಭವಿಸುವ ಪರಿಣಾಮಗಳ ಬಗೆಗೂ ಅದೇ ಗ್ರಂಥ ಒಂದು ವಿವೇಕದ ಮಾತನ್ನು ಹೇಳಿದೆ. ಒಬ್ಬನ ಸರದಿಯಲ್ಲಿ ಎರಡು ಸಂಗತಿಗಳು ಒಂದೇ ಕಾಲಕ್ಕೆ ಬಂದರೆ, ಯಾವುದು ಮೊದಲೆಂಬುದನ್ನು ಆ ಪಾತ್ರವನ್ನು ನಡೆಸುತ್ತಿರುವವನೇ ನಿರ್ಧರಿಸತಕ್ಕದ್ದು. ಕ್ರಮವನ್ನು ಶಾಸ್ತ್ರ ತಾನೇ ಹೇಳದೆ, ಹೇಳುವ ಅಧಿಕಾರಿ ಯಾರೆಂಬುದನ್ನು ಮಾತ್ರ ಹೇಳಿತು. ಗ್ರಂಥದ ಮೌನವನ್ನು ಅಂಕಿಯಿಂದ ತುಂಬದೆ ಮನುಷ್ಯನಿಂದ ತುಂಬಿದ ಈ ಕ್ರಮ ಯಂತ್ರಕಾರರಿಗೆ ಮಾದರಿಯಾಗಬೇಕು.

೬

ಇದಕ್ಕೆ ಪ್ರಬಲವಾದ ಆಕ್ಷೇಪಣೆಯೊಂದುಂಟು. ಸೂತ್ರಧಾರನೂ ಮನುಷ್ಯನೇ. ಅವನಿಗೆ ಪಕ್ಷಪಾತವುಂಟು, ಮರೆವುಂಟು, ನಿನ್ನೆಯ ತೀರ್ಪಿಗೂ ಇಂದಿನ ತೀರ್ಪಿಗೂ ಹೊಂದಿಕೆಯಿಲ್ಲದಿರುವುದುಂಟು. ಗಟ್ಟಿಯಾಗಿ ವಾದಿಸುವವನ ಕಡೆಗೆ ತೀರ್ಪು ವಾಲುತ್ತದೆ. ಸಂಕೋಚದವನು, ಹೊಸಬನು ಸುಮ್ಮನಿರುತ್ತಾನೆ. ಯಂತ್ರವಾದರೆ ಎಲ್ಲರಿಗೂ ಒಂದೇ ಎಪ್ಪತ್ತು ಅಡಿಗಳನ್ನು ಕೊಡುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ಇದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಇಪ್ಪತ್ತು ಪರಿಣಾಮಗಳನ್ನು ನೆನಪಿನಲ್ಲಿಡುವ ಹೊರೆಯನ್ನು ಯಂತ್ರ ಇಳಿಸಿರುವುದೂ ದೊಡ್ಡ ಉಪಕಾರವೇ.

ಆದರೆ ಸಮಾನವಾಗಿ ಅನ್ವಯಿಸುವುದೂ ನ್ಯಾಯವಾಗಿ ಅನ್ವಯಿಸುವುದೂ ಒಂದೇ ಅಲ್ಲ. ಸೂತ್ರಧಾರನು ತಪ್ಪು ಮಾಡಿದರೆ 'ಏಕೆ' ಎಂದು ಕೇಳಬಹುದು. ಅವನು ಉತ್ತರಿಸಲು ಬದ್ಧ. ಉತ್ತರ ಸಾಲದಿದ್ದರೆ ತೀರ್ಪು ಬದಲಾಗಬಹುದು. ಕಾರಣವನ್ನು ಕೇಳುವ ಈ ಹಕ್ಕೇ ಸಂಕೋಚದವನಿಗೂ ನಿಜವಾದ ರಕ್ಷೆ. ಯಂತ್ರದ ಮುಂದೆ ಆ ಹಕ್ಕು ಇಲ್ಲವಾಗದಂತೆ ನೋಡಿಕೊಳ್ಳುವುದು ಸಾಧ್ಯ. ವಿರುದ್ಧ ಪರಿಣಾಮಗಳೆರಡನ್ನೂ ಅಳಿಸದೆ, ಅವುಗಳ ಮೂಲ, ಮಟ್ಟ, ಅವಧಿಗಳೊಡನೆ ತೋರಿಸಬೇಕು. ಬಂದ ಅಂಕಿ ಯಾವ ಕ್ರಮದಿಂದ ಬಂತೆಂಬುದನ್ನು ಆಟಗಾರನಿಗೂ ಕಾಣಿಸಬೇಕು. ತಿರೋಧಾನವನ್ನೂ ನಾಶವನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಪ್ರತಿಮಂತ್ರಕ್ಕೆ ಎಡೆಯಿರುವಲ್ಲಿ, ಪ್ರಯೋಗಕ್ಕೂ ಫಲಕ್ಕೂ ನಡುವೆ ನಿಲ್ಲಬೇಕು. ಗ್ರಂಥ ಮೌನವಾಗಿರುವ ಕಡೆ ತಾನೂ ನಿಂತು, ಸೂತ್ರಧಾರನನ್ನು ಕೇಳಿ, ಅವನು ಕೊಟ್ಟ ತೀರ್ಪನ್ನು ಬರೆದಿಟ್ಟುಕೊಳ್ಳಬೇಕು. ಇವುಗಳಲ್ಲಿ ಯಾವುದೂ ಯಂತ್ರಕ್ಕೆ ಅಸಾಧ್ಯವಲ್ಲ.

ಸೌಪ್ತಿಕಪರ್ವದ ಕೊನೆಯ ಸನ್ನಿವೇಶವನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಅಶ್ವತ್ಥಾಮನ ಅಸ್ತ್ರಕ್ಕೆ ಪ್ರತಿಯಾಗಿ ಅರ್ಜುನನೂ ಅಸ್ತ್ರವನ್ನು ಬಿಟ್ಟನು. ಎರಡೂ ಸಮಾನವಾದ ಮಹಾಸ್ತ್ರಗಳು. ಸಮಬಲಗಳು ಪರಸ್ಪರ ಹೊಡೆದುಹೋಗುವುದೇ ನಿಯಮವಾಗಿದ್ದರೆ ಅಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಹಾಗಾಗಲಿಲ್ಲ. ಎರಡೂ ಉರಿಯುತ್ತಿದ್ದವು, ನಾರದ ವ್ಯಾಸರು ಅವುಗಳ ನಡುವೆ ಬಂದು ನಿಲ್ಲಬೇಕಾಯಿತು. ಅರ್ಜುನನು ಉಪಸಂಹಾರವನ್ನು ಬಲ್ಲವನಾಗಿದ್ದು ತನ್ನದನ್ನು ಹಿಂದಕ್ಕೆ ಪಡೆದನು. ಅಶ್ವತ್ಥಾಮನಿಗೆ ಅದು ಸಾಧ್ಯವಾಗದೆ ಅಸ್ತ್ರವು ಪಾಂಡವಸ್ತ್ರೀಯರ ಗರ್ಭದ ಮೇಲೆ ಹೋಯಿತು. ಸತ್ತು ಹುಟ್ಟಿದ ಪರೀಕ್ಷಿತನನ್ನು ಕೃಷ್ಣನು ಬದುಕಿಸಬೇಕಾಯಿತು. ಬಲ 'ಸಮ'ವಾಗಿದ್ದರೂ ಫಲ ಶೂನ್ಯವಾಗಲಿಲ್ಲ. ಅಸ್ತ್ರವನ್ನು ಬಿಟ್ಟವರ ಯೋಗ್ಯತೆ, ನಡುವೆ ನಿಂತವರ ಮಾತು, ಅನಂತರದ ಹೊಣೆ ಎಲ್ಲವೂ ಲೆಕ್ಕಕ್ಕೆ ಬಂದವು.

ಅಸ್ತ್ರಗಳ ಬಲವನ್ನು ಅಳೆಯುವ ಕೆಲಸವನ್ನು ಯಂತ್ರಕ್ಕೆ ಧಾರಾಳವಾಗಿ ಒಪ್ಪಿಸಬಹುದು. ನಡುವೆ ಬಂದು ನಿಲ್ಲುವ ಕೆಲಸ ಮನುಷ್ಯನಿಗೆ ಉಳಿದಿರಲಿ.